ಮೊದಲು ಪರೀಕ್ಷೆ, ಅನಂತರ ಔಷಧಿ: ರೋಗಾಣುಗಳನ್ನು ಗುರುತಿಸಿದ ಇತಿಹಾಸ

ನಮ್ಮ ಶಾಲೆಗಳ ಇತಿಹಾಸದ ಪಾಠಗಳಲ್ಲಿ ರಾಜರು, ಯುದ್ಧಗಳು, ಒಪ್ಪಂದಗಳು ತುಂಬಿಕೊಂಡಿವೆ. ಮನುಷ್ಯನ ಆಯುಸ್ಸನ್ನು ಹೆಚ್ಚಿಸಿದ ಅನೇಕ ಘಟನೆಗಳು ಮಾತ್ರ ರಣರಂಗದಲ್ಲಿ ನಡೆದವುಗಳಲ್ಲ. ಅವು ಪ್ರಯೋಗಾಲಯದ ಮೇಜಿನ ಮೇಲೆ ನಡೆದವು. ಅಂಗೈ ಅಗಲದ ಗಾಜಿನ ತಟ್ಟೆ, ಅದರಲ್ಲಿ ಹೆಪ್ಪುಗಟ್ಟಿದ ಒಂದಿಷ್ಟು ಆಹಾರ, ಕೆಲವು ಹನಿ ಬಣ್ಣ, ಔಷಧಿಯಲ್ಲಿ ನೆನೆಸಿದ ಕಾಗದದ ಚೂರು – ಇಷ್ಟು ಸಾಮಗ್ರಿಗಳಿಂದ ಮನುಷ್ಯನು ತನ್ನ ಕಣ್ಣಿಗೆ ಕಾಣದ ಶತ್ರುವಿನ ಗುರುತು ಹಿಡಿದನು.

ಮೂತ್ರದ ಉರಿ, ಮಾಯದ ಗಾಯ, ಬಿಡದ ಜ್ವರ ಎಂದು ಆಸ್ಪತ್ರೆಗೆ ಹೋದವರಿಗೆ ವೈದ್ಯರು ಕೆಲವೊಮ್ಮೆ ‘ಕಲ್ಚರ್ ಅಂಡ್ ಸೆನ್ಸಿಟಿವಿಟಿ’ ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ವರದಿ ಬರಲು ಎರಡು ಮೂರು ದಿನ ಹಿಡಿಯುತ್ತದೆಂದು ತಿಳಿದೊಡನೆ ನಮ್ಮಲ್ಲಿ ಅನೇಕರು ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಔಷಧಿ ಅಂಗಡಿಗೆ ಹೋಗುತ್ತಾರೆ. ಆ ಚೀಟಿಯಲ್ಲಿರುವುದು ಎರಡು ಸರಳ ಪ್ರಶ್ನೆಗಳು. ರೋಗಾಣುವೇ, ನೀನು ಯಾರು? ಯಾವ ಔಷಧಿಗೆ ನೀನು ಬಗ್ಗುತ್ತೀಯೆ? ಈ ಎರಡು ಪ್ರಶ್ನೆಗಳನ್ನು ಸರಿಯಾಗಿ ಕೇಳಲು ಕಲಿಯುವುದಕ್ಕೆ ಮನುಷ್ಯನಿಗೆ ಸುಮಾರು ಮುನ್ನೂರು ವರ್ಷಗಳು ಬೇಕಾದವು. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಕೇಳದೆಯೇ ಔಷಧಿ ನುಂಗುವುದರಿಂದ ಆಗುವ ನಷ್ಟವೇನು ಎಂಬುದನ್ನು ಈ ಇತಿಹಾಸವೇ ನಮಗೆ ತಿಳಿಸುತ್ತದೆ.

ಕಂಡರೂ ಗುರುತು ಸಿಗಲಿಲ್ಲ

ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿ ಆಂಟನಿ ವಾನ್ ಲೂವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಆ ಕಾಲದ ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಅವರಿಗೆ ಬರುತ್ತಿರಲಿಲ್ಲ. ತಾವೇ ಗಾಜನ್ನು ಉಜ್ಜಿ ಸಣ್ಣ ಮಸೂರಗಳನ್ನು ತಯಾರಿಸಿ, ಕಂಡದ್ದನ್ನೆಲ್ಲ ಅವುಗಳ ಮೂಲಕ ನೋಡುವುದು ಅವರ ಹವ್ಯಾಸವಾಗಿತ್ತು. ಡಚ್ ವ್ಯಾಪಾರಿಗಳು ಪೂರ್ವ ದೇಶಗಳಿಂದ ಒಯ್ಯುತ್ತಿದ್ದ ಕರಿಮೆಣಸು ಏಕೆ ಖಾರವಾಗಿದೆ ಎಂದು ತಿಳಿಯಲು ಅವರು ಅದನ್ನು ನೀರಿನಲ್ಲಿ ನೆನೆಹಾಕಿದರು. ಕೆಲವು ದಿನಗಳ ನಂತರ ಆ ನೀರಿನ ಹನಿಯನ್ನು ಮಸೂರದ ಕೆಳಗೆ ಇಟ್ಟಾಗ, ಲೆಕ್ಕವಿಲ್ಲದಷ್ಟು ಅತಿ ಸಣ್ಣ ಜೀವಿಗಳು ಓಡಾಡುವುದು ಕಾಣಿಸಿತು. 1676ರ ಅಕ್ಟೋಬರ್‌ನಲ್ಲಿ ಈ ವಿಷಯವನ್ನು ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ತಮ್ಮ ಮಾತೃಭಾಷೆಯಾದ ಡಚ್‌ನಲ್ಲಿಯೇ ಬರೆದು ತಿಳಿಸಿದರು. 1683ರಲ್ಲಿ ಮನುಷ್ಯನ ಹಲ್ಲಿನ ಮೇಲಿನ ಪಾಚಿಯಲ್ಲಿಯೂ ಇಂತಹ ಜೀವಿಗಳಿರುವುದನ್ನು ವರ್ಣಿಸಿದರು. ಜ್ಞಾನಕ್ಕೆ ಪದವಿಯಾಗಲಿ, ಪರಭಾಷೆಯಾಗಲಿ ಅಡ್ಡಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೆ ಕಾಣುವುದು ಬೇರೆ, ಗುರುತಿಸುವುದು ಬೇರೆ. ಈ ಜೀವಿಗಳಿಗೂ ರೋಗಗಳಿಗೂ ಸಂಬಂಧವಿದೆ ಎಂದು ಸಾಬೀತುಪಡಿಸಲು ಸುಮಾರು ಇನ್ನೂರು ವರ್ಷಗಳು ಕಳೆದವು. 1854ರಲ್ಲಿ ಇಟಲಿಯ ಫಿಲಿಪ್ಪೊ ಪಾಚಿನಿ ಕಾಲರಾದಿಂದ ಸತ್ತವರ ಕರುಳಿನಲ್ಲಿ ರೋಗಾಣುವನ್ನು ಕಂಡು ಬರೆದಿದ್ದರೂ ಜಗತ್ತು ಗಮನ ಕೊಡಲಿಲ್ಲ. ಒಂದು ಹನಿ ನೀರಿನಲ್ಲಿ, ಒಂದು ಚೂರು ಕಫದಲ್ಲಿ ಹತ್ತಾರು ಜಾತಿಯ ಸೂಕ್ಷ್ಮಜೀವಿಗಳು ಬೆರೆತಿರುತ್ತವೆ. ಇವುಗಳಲ್ಲಿ ಅಪರಾಧಿ ಯಾರು, ಅಮಾಯಕ ಯಾರು? ಅದನ್ನು ತಿಳಿಯಬೇಕಾದರೆ ಮೊದಲು ಒಂದೊಂದನ್ನೂ ಬೇರೆ ಬೇರೆಯಾಗಿ ಬೆಳೆಸಬೇಕು.

ಅಡುಗೆಮನೆಯಿಂದ ಬಂದ ಪರಿಹಾರ

ಈ ಕೆಲಸಕ್ಕೆ ದಾರಿ ತೋರಿಸಿದವರು ಜರ್ಮನಿಯ ರಾಬರ್ಟ್ ಕಾಖ್. ಹಳ್ಳಿಗಾಡಿನ ವೈದ್ಯರಾಗಿದ್ದಾಗಲೇ, 1876ರಲ್ಲಿ, ಜಾನುವಾರುಗಳನ್ನು ಕೊಲ್ಲುವ ಆಂಥ್ರಾಕ್ಸ್ ರೋಗಕ್ಕೆ ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾ ಕಾರಣವೆಂದು ಅವರು ತೋರಿಸಿದ್ದರು. ಬ್ಯಾಕ್ಟೀರಿಯಾಗಳನ್ನು ದ್ರವದಲ್ಲಿ ಬೆಳೆಸಿದರೆ ಎಲ್ಲವೂ ಬೆರೆತುಹೋಗುತ್ತವೆ. ಗಟ್ಟಿಯಾದ ಮೇಲ್ಮೈ ಮೇಲೆ ಬೆಳೆಸಿದರೆ ಒಂದೊಂದೂ ತಾನು ಬಿದ್ದ ಜಾಗದಲ್ಲಿಯೇ ಲಕ್ಷಗಟ್ಟಲೆ ಮರಿಗಳಾಗಿ, ಬರಿಗಣ್ಣಿಗೆ ಕಾಣುವ ಸಣ್ಣ ಚುಕ್ಕೆಯಾಗುತ್ತದೆ. ಈ ಚುಕ್ಕೆಗೆ ಕಾಲೊನಿ ಎಂದು ಹೆಸರು. ಒಂದು ಕಾಲೊನಿಯಲ್ಲಿರುವುದೆಲ್ಲ ಒಂದೇ ವಂಶ.

ಕಾಖ್ ಮೊದಲು ಬೇಯಿಸಿದ ಆಲೂಗೆಡ್ಡೆಯ ಹೋಳಿನ ಮೇಲೆ ಬ್ಯಾಕ್ಟೀರಿಯಾಗಳನ್ನು ಬೆಳೆಸಿದರು. ಆಲೂಗೆಡ್ಡೆ ಎಲ್ಲಕ್ಕೂ ಒಗ್ಗಲಿಲ್ಲ. ಅನಂತರ ಮಾಂಸದ ಸಾರಿಗೆ ಜೆಲಟಿನ್ ಸೇರಿಸಿ ಹೆಪ್ಪುಗಟ್ಟಿಸಿದರು. ಆದರೆ ರೋಗಾಣುಗಳಿಗೆ ಬೇಕಾದ ನಮ್ಮ ದೇಹದ ಉಷ್ಣತೆಯಲ್ಲಿ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಜೆಲಟಿನ್ ಕರಗಿ ನೀರಾಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ಕರಗಿಸುತ್ತಿದ್ದವು.

ಇದಕ್ಕೆ ಪರಿಹಾರ ಸೂಚಿಸಿದವರು ಫ್ಯಾನಿ ಹೆಸ್ಸೆ ಎಂಬ ಮಹಿಳೆ. ಅವರ ಪತಿ ವಾಲ್ಟರ್ ಹೆಸ್ಸೆ ಕಾಖ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಬೇಸಿಗೆಯಲ್ಲಿ ತಮ್ಮ ಪತಿಯ ಜೆಲಟಿನ್ ಕರಗಿಹೋಗುತ್ತಿದ್ದರೆ, ತಾವು ಮಾಡಿದ ಹಣ್ಣಿನ ಜೆಲ್ಲಿ ಕರಗದೆ ನಿಲ್ಲುತ್ತಿದ್ದುದನ್ನು ಕಂಡ ಫ್ಯಾನಿ, ಅದರಲ್ಲಿ ಬಳಸುತ್ತಿದ್ದ ಅಗರ್ ಅಗರ್ ಅನ್ನು ಪ್ರಯೋಗಿಸಿ ನೋಡುವಂತೆ ಹೇಳಿದರು. ಜಾವಾ ದ್ವೀಪದಲ್ಲಿ ವಾಸಿಸಿ ಬಂದಿದ್ದ ನೆರೆಯವರಿಂದ ಅವರಿಗೆ ಅಗರ್‌ನ ಪರಿಚಯವಾಗಿತ್ತು. ಇದು ಸಮುದ್ರ ಪಾಚಿಯಿಂದ ತಯಾರಾಗುವ ವಸ್ತು. ನಮ್ಮ ಮನೆಗಳಲ್ಲಿ ರಂಜಾನ್ ತಿಂಗಳ ಇಫ್ತಾರಿಗೆ ಹಾಲಿನಲ್ಲಿ ಹಾಕಿ ಪುಡ್ಡಿಂಗ್ ಮಾಡುವ ‘ಚೈನಾ ಗ್ರಾಸ್’ ಎಂದರೆ ಇದೇ. ಒಮ್ಮೆ ಹೆಪ್ಪುಗಟ್ಟಿದ ಮೇಲೆ ಇದು ಮತ್ತೆ ಕರಗಲು ಸುಮಾರು 85 ಡಿಗ್ರಿ ಉಷ್ಣತೆ ಬೇಕು. ಬಹುತೇಕ ಬ್ಯಾಕ್ಟೀರಿಯಾಗಳು ಇದನ್ನು ಜೀರ್ಣಿಸಿಕೊಳ್ಳಲಾರವು.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕಾಖ್ ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಸುದ್ದಿಯನ್ನು ಪ್ರಕಟಿಸಿದರು. ಆ ವರ್ಷದ ತಮ್ಮ ಬರಹದಲ್ಲಿ ಅವರು ಅಗರ್ ಬಗ್ಗೆ ಒಂದು ಮಾತು ಬರೆದರು. ಹೆಸ್ಸೆ ದಂಪತಿಗಳ ಹೆಸರನ್ನು ಬರೆಯಲಿಲ್ಲ. 1887ರಲ್ಲಿ ಕಾಖ್ ಅವರ ಇನ್ನೊಬ್ಬ ಸಹಾಯಕರಾದ ಜೂಲಿಯಸ್ ರಿಚರ್ಡ್ ಪೆಟ್ರಿ, ಮುಚ್ಚಳವುಳ್ಳ ಚಪ್ಪಟೆ ಗಾಜಿನ ತಟ್ಟೆಯನ್ನು ಬಳಕೆಗೆ ತಂದರು. ಇಂದಿಗೂ ಅದು ಪೆಟ್ರಿ ಡಿಶ್ ಎಂದೇ ಕರೆಯಲ್ಪಡುತ್ತದೆ. ತಟ್ಟೆಗೆ ಪೆಟ್ರಿಯ ಹೆಸರು ಉಳಿಯಿತು, ತಟ್ಟೆಯೊಳಗಿನ ಅಗರ್‌ಗೆ ಫ್ಯಾನಿಯ ಹೆಸರು ಉಳಿಯಲಿಲ್ಲ. ಆದರೆ ಇಂದು ಜಗತ್ತಿನ ಯಾವ ಸೂಕ್ಷ್ಮಜೀವಿ ಪ್ರಯೋಗಾಲಯವೂ ಅವರು ಸೂಚಿಸಿದ ವಸ್ತುವಿಲ್ಲದೆ ನಡೆಯುವುದಿಲ್ಲ.

ಭಾರತಕ್ಕೂ ಈ ಕಥೆಗೂ ನಂಟಿದೆ. ಕಾಲರಾ ರೋಗವನ್ನು ಅಭ್ಯಸಿಸಲು ಕಾಖ್ 1883ರಲ್ಲಿ ಈಜಿಪ್ಟ್ ಮೂಲಕ ಕಲ್ಕತ್ತಾಕ್ಕೆ ಬಂದರು. 1884ರ ಆರಂಭದಲ್ಲಿ ಅಲ್ಲಿಯೇ ಅವರು ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಕಾಲರಾ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಮುಂದೆ 1959ರಲ್ಲಿ ಅದೇ ಕಲ್ಕತ್ತಾದಲ್ಲಿ ಶಂಭುನಾಥ್ ಡೇ ಎಂಬ ಭಾರತೀಯ ವಿಜ್ಞಾನಿ, ಈ ಬ್ಯಾಕ್ಟೀರಿಯಾ ಹೊರಸೂಸುವ ವಿಷವೇ ಕಾಲರಾ ಭೇದಿಗೆ ಕಾರಣವೆಂದು ತೋರಿಸಿಕೊಟ್ಟರು.

ಬಣ್ಣ ಹೇಳಿದ ಗುರುತು

ಬೇರೆ ಮಾಡಿ ಬೆಳೆಸಿದ್ದಾಯಿತು. ಇನ್ನು ಗುರುತಿಸಬೇಕು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾಗಳು ಕೆಲವು ಗುಂಡಗೆ, ಕೆಲವು ಕಡ್ಡಿಯಂತೆ, ಕೆಲವು ಸುರುಳಿಯಂತೆ ಕಾಣುತ್ತವೆ. ಒಂದೇ ಆಕಾರದವು ನೂರಾರು ಇವೆ. ಉರ್ದು ಓದುವ ವಿದ್ಯಾರ್ಥಿಗಳಿಗೆ ಇದನ್ನು ಸುಲಭವಾಗಿ ಹೇಳಬಹುದು. ಜೀಮ್, ಚೇ, ಹೇ, ಖೇ – ಈ ನಾಲ್ಕು ಅಕ್ಷರಗಳ ಆಕಾರ ಒಂದೇ. ನುಕ್ತಾ ಎಲ್ಲಿದೆ, ಎಷ್ಟಿವೆ ಎಂದು ನೋಡಿದಾಗಲೇ ಯಾವ ಅಕ್ಷರವೆಂದು ಗೊತ್ತಾಗುವುದು. ಬ್ಯಾಕ್ಟೀರಿಯಾಗಳಿಗೆ ಇಂತಹ ನುಕ್ತಾ ಇಟ್ಟವರು ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ.

1884ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಗ್ರಾಂ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಚೂರುಗಳಲ್ಲಿ ಬ್ಯಾಕ್ಟೀರಿಯಾಗಳು ಎದ್ದು ಕಾಣುವಂತೆ ಮಾಡಲು ಪ್ರಯತ್ನಿಸುತ್ತಿದ್ದರು. ಮೊದಲು ನೇರಳೆ ಬಣ್ಣ ಹಾಕಿ, ಅದರ ಮೇಲೆ ಅಯೋಡಿನ್ ದ್ರಾವಣ ಹಾಕಿ, ಅನಂತರ ಆಲ್ಕೋಹಾಲ್‌ನಿಂದ ತೊಳೆದರು. ಕೆಲವು ಬ್ಯಾಕ್ಟೀರಿಯಾಗಳು ನೇರಳೆ ಬಣ್ಣವನ್ನು ಬಿಡಲಿಲ್ಲ. ಕೆಲವು ಬಣ್ಣ ಕಳೆದುಕೊಂಡವು. ಬಣ್ಣ ಉಳಿಸಿಕೊಂಡವು ಗ್ರಾಂ ಪಾಸಿಟಿವ್, ಕಳೆದುಕೊಂಡವು ಗ್ರಾಂ ನೆಗೆಟಿವ್. ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಕೆಂಪು ಬಣ್ಣ ಹಾಕಿ ಕಾಣುವಂತೆ ಮಾಡುವ ಕ್ರಮ ಮುಂದೆ ಸೇರಿಕೊಂಡಿತು. ತಮ್ಮ ವಿಧಾನದಲ್ಲಿ ಕೊರತೆಗಳಿವೆ ಎಂದು ಗ್ರಾಂ ವಿನಯದಿಂದ ಒಪ್ಪಿಕೊಂಡು, ಇತರರ ಕೈಯಲ್ಲಿ ಉಪಯೋಗಕ್ಕೆ ಬರಲಿ ಎಂದು ಅದನ್ನು ಪ್ರಕಟಿಸಿದರು. ಇಂದಿಗೂ ಪ್ರಯೋಗಾಲಯದಲ್ಲಿ ಮಾಡುವ ಮೊದಲ ಪರೀಕ್ಷೆಗಳಲ್ಲಿ ಇದೂ ಒಂದು.

ಈ ಬಣ್ಣದ ವ್ಯತ್ಯಾಸ ಬರಿಯ ಹೊರನೋಟದ್ದಲ್ಲ. ಪಾಸಿಟಿವ್ ಬ್ಯಾಕ್ಟೀರಿಯಾದ ಕೋಶಭಿತ್ತಿ ದಪ್ಪ. ನೆಗೆಟಿವ್ ಬ್ಯಾಕ್ಟೀರಿಯಾದ ಭಿತ್ತಿ ತೆಳು, ಆದರೆ ಅದರ ಹೊರಗೆ ಇನ್ನೊಂದು ಪೊರೆ ಇರುತ್ತದೆ. ಆ ಪೊರೆ ಅನೇಕ ಔಷಧಿಗಳನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಬಣ್ಣ ನೋಡಿಯೇ ವೈದ್ಯರು ಔಷಧಿಯ ಆಯ್ಕೆಯನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದು. ಕ್ಷಯದ ಬ್ಯಾಕ್ಟೀರಿಯಾ ಮೇಣದಂತಹ ಹೊದಿಕೆಯುಳ್ಳದ್ದಾದ್ದರಿಂದ ಅದಕ್ಕೆ ಜೀಲ್ ನೀಲ್ಸನ್ ಎಂಬ ಬೇರೆಯೇ ಬಣ್ಣದ ವಿಧಾನ ಬೇಕು.

ಬಣ್ಣದ ನಂತರ ಆಹಾರದ ಪರೀಕ್ಷೆ. ಯಾವ ಸಕ್ಕರೆಯನ್ನು ತಿನ್ನುತ್ತದೆ, ತಿಂದಾಗ ಹುಳಿ ಬರುತ್ತದೆಯೆ, ಗಾಳಿಯ ಗುಳ್ಳೆ ಏಳುತ್ತದೆಯೆ ಎಂದು ನೋಡುತ್ತಾರೆ. ಇಂಗ್ಲೆಂಡಿನ ಆಲ್ಫ್ರೆಡ್ ಮ್ಯಾಕಾಂಕಿ 1905ರಲ್ಲಿ ಪಿತ್ತದ ಲವಣ, ಲ್ಯಾಕ್ಟೋಸ್ ಸಕ್ಕರೆ ಮತ್ತು ಒಂದು ಸೂಚಕ ಬಣ್ಣವನ್ನು ಸೇರಿಸಿದ ಅಗರ್ ಅನ್ನು ಪ್ರಕಟಿಸಿದರು. ಥಿಯೊಡೋರ್ ಎಶೆರಿಕ್ 1885ರಲ್ಲಿ ಶಿಶುಗಳ ಮಲದಲ್ಲಿ ಕಂಡು ವರ್ಣಿಸಿದ, ಈಗ ಅವರ ಹೆಸರಿನಿಂದಲೇ ಕರೆಯಲ್ಪಡುವ ಇ. ಕೋಲಿ ಬ್ಯಾಕ್ಟೀರಿಯಾ ಈ ಅಗರ್ ಮೇಲೆ ಗುಲಾಬಿ ಬಣ್ಣದ ಕಾಲೊನಿಯಾಗುತ್ತದೆ. ಲ್ಯಾಕ್ಟೋಸ್ ತಿನ್ನದ ಟೈಫಾಯಿಡ್ ಬ್ಯಾಕ್ಟೀರಿಯಾಕ್ಕೆ ಆ ಬಣ್ಣ ಬರುವುದಿಲ್ಲ. ಹೀಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಗುರುತು ಸಿಕ್ಕರೂ ಕೊಡಲು ಔಷಧಿ ಇರಲಿಲ್ಲ.

ಎರಡನೆಯ ಪ್ರಶ್ನೆ

1928ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ ಪೆಟ್ರಿ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದಿರುವುದನ್ನೂ, ಅದರ ಸುತ್ತಲಿನ ಬ್ಯಾಕ್ಟೀರಿಯಾ ಕಾಲೊನಿಗಳು ಕರಗಿಹೋಗಿರುವುದನ್ನೂ ಕಂಡರು ಎಂಬುದು ಎಲ್ಲರಿಗೂ ತಿಳಿದ ವಿಷಯ. ಅಷ್ಟಾಗಿ ತಿಳಿಯದ ವಿಷಯವೊಂದಿದೆ. 1929ರಲ್ಲಿ ಫ್ಲೆಮಿಂಗ್ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ, ಪೆನಿಸಿಲಿನ್ ಅನ್ನು ಇನ್‌ಫ್ಲುಯೆಂಜಾ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಲು ಬಳಸುವ ಮಾತಿದೆ. ಪೆನಿಸಿಲಿನ್ ಹಾಕಿದರೆ ಇತರ ಬ್ಯಾಕ್ಟೀರಿಯಾಗಳು ಅಡಗುತ್ತವೆ, ಇದು ಮಾತ್ರ ಬೆಳೆಯುತ್ತದೆ. ಅಂದರೆ ಪೆನಿಸಿಲಿನ್ ಮೊದಲು ಕೆಲಸಕ್ಕೆ ಬಂದದ್ದು ಔಷಧಿಯಾಗಿ ಅಲ್ಲ, ಪ್ರಯೋಗಾಲಯದ ಸಾಧನವಾಗಿ!

ಅದೇ ಲೇಖನದಲ್ಲಿ ಫ್ಲೆಮಿಂಗ್ ಒಂದು ಸರಳ ಪರೀಕ್ಷೆಯನ್ನೂ ತೋರಿಸಿದರು. ತಟ್ಟೆಯ ಅಗರ್‌ನಲ್ಲಿ ಕಾಲುವೆಯಂತೆ ಒಂದು ಗೀರು ಕೊರೆದು ಅದರಲ್ಲಿ ಪೆನಿಸಿಲಿನ್ ತುಂಬಿದರು. ಆ ಕಾಲುವೆಗೆ ಅಡ್ಡವಾಗಿ ಬೇರೆ ಬೇರೆ ಬ್ಯಾಕ್ಟೀರಿಯಾಗಳನ್ನು ಗೆರೆ ಎಳೆದರು. ಕೆಲವು ಕಾಲುವೆಯಿಂದ ದೂರದಲ್ಲಿಯೇ ನಿಂತವು. ಕೆಲವು ಅಂಜದೆ ಕಾಲುವೆಯ ಅಂಚಿನವರೆಗೂ ಬೆಳೆದವು. ‘ಯಾವ ಔಷಧಿಗೆ ನೀನು ಬಗ್ಗುತ್ತೀಯೆ?’ ಎಂಬ ಎರಡನೆಯ ಪ್ರಶ್ನೆಗೆ ಬ್ಯಾಕ್ಟೀರಿಯಾ ತಾನೇ ಉತ್ತರ ಬರೆದುಕೊಟ್ಟಂತಾಯಿತು.

ಪೆನಿಸಿಲಿನ್ ಅನ್ನು ಔಷಧಿಯಾಗಿ ರೂಪಿಸಿದವರು ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್ ಮತ್ತು ನಾರ್ಮನ್ ಹೀಟ್ಲಿ. 1940ರ ಮೇ 25ರಂದು ಅವರು 8 ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿ, 4 ಇಲಿಗಳಿಗೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮರುದಿನ ಬೆಳಗಾಗುವಷ್ಟರಲ್ಲಿ ಔಷಧಿ ಪಡೆಯದ ನಾಲ್ಕೂ ಸತ್ತಿದ್ದವು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಈ ಔಷಧಿ ಕೊಟ್ಟಾಗ ಅವರು ಚೇತರಿಸಿಕೊಳ್ಳತೊಡಗಿದರು. ಆದರೆ ಜಗತ್ತಿನಲ್ಲಿದ್ದ ಪೆನಿಸಿಲಿನ್ನೇ ಅಷ್ಟು. ಅವರ ಮೂತ್ರದಿಂದ ಔಷಧಿಯನ್ನು ಮರಳಿ ತೆಗೆದು ಕೊಟ್ಟರೂ ಸಾಲದೆ, ಐದಾರು ದಿನಗಳಲ್ಲಿ ಮುಗಿದುಹೋಯಿತು. ಸೋಂಕು ಮರುಕಳಿಸಿ ಮಾರ್ಚ್ ತಿಂಗಳಲ್ಲಿ ಅವರು ತೀರಿಕೊಂಡರು. ಔಷಧಿ ಸಿಗದೆ ಅರ್ಧಕ್ಕೆ ನಿಂತ ಚಿಕಿತ್ಸೆ ಅದು. ಔಷಧಿ ಮನೆಯಲ್ಲಿದ್ದೂ ಅರ್ಧಕ್ಕೆ ನಿಲ್ಲಿಸುವ ನಾವು ಈ ಘಟನೆಯನ್ನು ನೆನಪಿನಲ್ಲಿಡಬೇಕು.

ಔಷಧಿ ಸೋತ ಕಥೆ

ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಪೆನಿಸಿಲಿನ್ ಮೊದಲ ರೋಗಿಗಳನ್ನು ತಲುಪುವ ಮುನ್ನವೇ, 1940ರ ಡಿಸೆಂಬರ್‌ನಲ್ಲಿ, ಅದನ್ನು ನಾಶಮಾಡುವ ಕಿಣ್ವವನ್ನು ಬ್ಯಾಕ್ಟೀರಿಯಾಗಳು ತಯಾರಿಸಬಲ್ಲವು ಎಂದು ಎಡ್ವರ್ಡ್ ಅಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದರು. 1945ರಲ್ಲಿ ಫ್ಲೋರಿ, ಚೈನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದ ಫ್ಲೆಮಿಂಗ್ ತಮ್ಮ ಭಾಷಣದಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಪೆನಿಸಿಲಿನ್ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಕಾಲ ಬರಬಹುದು. ಆಗ ತಿಳಿವಳಿಕೆಯಿಲ್ಲದವರು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡು ರೋಗಾಣುಗಳನ್ನು ಔಷಧಿಗೆ ಬಗ್ಗದಂತೆ ಮಾಡಿಬಿಡಬಹುದು ಎಂಬುದು ಅದರ ಸಾರಾಂಶ. ಗಂಟಲು ನೋವಿಗೆ ಅರೆಬರೆ ಔಷಧಿ ತಿಂದ ಗಂಡನಿಂದ ಹೆಂಡತಿಗೆ ಬಗ್ಗದ ರೋಗಾಣು ತಗುಲಿ ಅವಳು ಸಾಯುವ ಒಂದು ಕಲ್ಪಿತ ಉದಾಹರಣೆಯನ್ನೂ ಅವರು ಕೊಟ್ಟರು. ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ!

ಈ ಮಾತು ಬಹುಬೇಗ ನಿಜವಾಯಿತು. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧಿಯಾದ ಸ್ಟ್ರೆಪ್ಟೊಮೈಸಿನ್ ಅನ್ನು ಅಮೆರಿಕದಲ್ಲಿ ಆಲ್ಬರ್ಟ್ ಷಾಟ್ಸ್ 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಕಂಡುಹಿಡಿದರು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಔಷಧಿ ಪಡೆದ 55 ರೋಗಿಗಳಲ್ಲಿ ಆರು ತಿಂಗಳೊಳಗೆ 4 ಮಂದಿ ಸತ್ತಿದ್ದರೆ, ವಿಶ್ರಾಂತಿ ಮಾತ್ರ ಪಡೆದ 52 ರೋಗಿಗಳಲ್ಲಿ 14 ಮಂದಿ ಸತ್ತಿದ್ದರು. ಎಲ್ಲರೂ ಸಂತೋಷಪಟ್ಟರು. ಆದರೆ ಕೆಲವೇ ತಿಂಗಳುಗಳಲ್ಲಿ ಬಹಳಷ್ಟು ರೋಗಿಗಳ ಕಫದಲ್ಲಿದ್ದ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತಾಗಿದ್ದವು. ಐದು ವರ್ಷಗಳಾಗುವ ಹೊತ್ತಿಗೆ ಎರಡು ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಕರಗಿಹೋಗಿತ್ತು. ಕ್ಷಯಕ್ಕೆ ಒಂದೇ ಔಷಧಿ ಕೊಡಬಾರದು, ಎರಡು ಮೂರನ್ನು ಒಟ್ಟಿಗೆ ಕೊಡಬೇಕು ಎಂಬ ಪಾಠ ಕಲಿತದ್ದು ಹೀಗೆ.

ಬ್ಯಾಕ್ಟೀರಿಯಾಕ್ಕೆ ಈ ಶಕ್ತಿ ಎಲ್ಲಿಂದ ಬರುತ್ತದೆ? ಅಮೆರಿಕದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು 1952ರಲ್ಲಿ ಮಖಮಲ್ ಬಟ್ಟೆಯ ತುಂಡಿನಿಂದ ಇದಕ್ಕೆ ಉತ್ತರ ಕಂಡುಕೊಂಡರು. ಕಾಲೊನಿಗಳಿರುವ ತಟ್ಟೆಯ ಮೇಲೆ ಶುದ್ಧಗೊಳಿಸಿದ ಮಖಮಲ್ ಒತ್ತಿ, ಅದೇ ಬಟ್ಟೆಯನ್ನು ಔಷಧಿ ಬೆರೆಸಿದ ಇನ್ನೊಂದು ತಟ್ಟೆಯ ಮೇಲೆ ಮುದ್ರೆಯಂತೆ ಒತ್ತಿದರು. ಔಷಧಿಯ ತಟ್ಟೆಯಲ್ಲಿ ಕೆಲವೇ ಕಾಲೊನಿಗಳು ಬೆಳೆದವು. ಔಷಧಿಯನ್ನು ಎಂದೂ ಕಾಣದ ಮೊದಲ ತಟ್ಟೆಯಲ್ಲಿ ಅದೇ ಜಾಗದಿಂದ ತೆಗೆದವುಗಳಲ್ಲಿಯೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿದ್ದವು. ಅಂದರೆ ಔಷಧಿಯು ಈ ಗುಣವನ್ನು ಹುಟ್ಟಿಸುವುದಿಲ್ಲ. ಕೋಟಿಗಳಲ್ಲಿ ಒಂದೆರಡರಲ್ಲಿ ಅದು ಮೊದಲೇ ಇರುತ್ತದೆ. ಔಷಧಿ ಉಳಿದವನ್ನು ಕೊಂದು, ಅವಕ್ಕೆ ಹೊಲವನ್ನು ಖಾಲಿ ಮಾಡಿಕೊಡುತ್ತದೆ. 1959ರಲ್ಲಿ ಜಪಾನಿನ ವಿಜ್ಞಾನಿಗಳು, ಆಮಶಂಕೆಯ ಬ್ಯಾಕ್ಟೀರಿಯಾಗಳು ಈ ಗುಣವನ್ನು ಒಂದರಿಂದ ಒಂದಕ್ಕೆ, ಒಂದು ಜಾತಿಯಿಂದ ಇನ್ನೊಂದು ಜಾತಿಗೂ ದಾಟಿಸಬಲ್ಲವು ಎಂದು ತೋರಿಸಿದರು. ಅನಾವಶ್ಯಕವಾಗಿ ನುಂಗಿದ ಪ್ರತಿಯೊಂದು ಆಂಟಿಬಯೋಟಿಕ್ ಮಾತ್ರೆಯೂ ಇಂತಹ ಬ್ಯಾಕ್ಟೀರಿಯಾಗಳಿಗೆ ಜಾಗ ಮಾಡಿಕೊಡುತ್ತದೆ.

ಎಲ್ಲೆಡೆ ಒಂದೇ ಅಳತೆ

ಹಾಗಾದರೆ ಔಷಧಿ ಕೊಡುವ ಮೊದಲು ಪರೀಕ್ಷಿಸಬೇಕು. 1940ರ ದಶಕದಲ್ಲಿಯೇ ಔಷಧಿ ನೆನೆಸಿದ ಕಾಗದದ ಬಿಲ್ಲೆಗಳನ್ನು ತಟ್ಟೆಯ ಮೇಲಿಡುವ ವಿಧಾನ ಬಂದಿತ್ತು. ಆದರೆ ಒಂದೊಂದು ಪ್ರಯೋಗಾಲಯವೂ ತನಗೆ ತೋಚಿದಂತೆ ಮಾಡುತ್ತಿತ್ತು. ಒಬ್ಬರ ತಟ್ಟೆ ದಪ್ಪ, ಒಬ್ಬರದು ತೆಳು. ಒಬ್ಬರು ಬ್ಯಾಕ್ಟೀರಿಯಾ ಹೆಚ್ಚು ಹಾಕುವರು, ಒಬ್ಬರು ಕಡಿಮೆ. ಒಂದೇ ರೋಗಾಣುವಿಗೆ ಎರಡು ಕಡೆ ಎರಡು ಉತ್ತರ ಬರುತ್ತಿತ್ತು. ಊರಿಗೊಂದು ಸೇರು, ಕೇರಿಗೊಂದು ತಕ್ಕಡಿ ಇದ್ದಂತೆ. ವಿಶ್ವ ಆರೋಗ್ಯ ಸಂಸ್ಥೆ 1961ರಲ್ಲಿಯೇ ಒಂದೇ ಕ್ರಮ ಬೇಕೆಂದು ವರದಿ ಪ್ರಕಟಿಸಿತು. 1966ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬಾವರ್, ಕಿರ್ಬಿ, ಶೆರಿಸ್, ಟರ್ಕ್ ಎಂಬ ನಾಲ್ವರು ಪ್ರಕಟಿಸಿದ ಕ್ರಮವೇ ಇಂದು ಕಿರ್ಬಿ ಬಾವರ್ ವಿಧಾನವೆಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಈ ವಿಧಾನದಲ್ಲಿ ಬಳಸುವ ಅಗರ್‌ಗೆ ಮುಲ್ಲರ್ ಹಿಂಟನ್ ಎಂದು ಹೆಸರು. 1941ರಲ್ಲಿ ಇದನ್ನು ರೂಪಿಸಿದವರಲ್ಲಿ ಒಬ್ಬರಾದ ಜೇನ್ ಹಿಂಟನ್ ಆಗ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿದ್ದ ಕಪ್ಪು ಜನಾಂಗದ ತರುಣಿ. ಅವರ ಅಜ್ಜ ಅಜ್ಜಿ ಗುಲಾಮರಾಗಿ ಹುಟ್ಟಿದವರು. ತಂದೆ ವಿಲಿಯಂ ಹಿಂಟನ್ ಸಿಫಿಲಿಸ್ ರೋಗಕ್ಕೆ ರಕ್ತಪರೀಕ್ಷೆ ರೂಪಿಸಿ, ಹಾರ್ವರ್ಡಿನ ಮೊದಲ ಕಪ್ಪು ಪ್ರಾಧ್ಯಾಪಕರಾದವರು. ಜೇನ್ ಮುಂದೆ 1949ರಲ್ಲಿ ಪಶುವೈದ್ಯ ಪದವಿಯನ್ನೂ ಪಡೆದರು. ಎರಡೇ ತಲೆಮಾರುಗಳಲ್ಲಿ ಶಿಕ್ಷಣವು ಒಂದು ಕುಟುಂಬವನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು.

ಪರೀಕ್ಷೆ ನಡೆಯುವ ಬಗೆ ಹೀಗಿದೆ. ಮೊದಲ ದಿನ ರೋಗಿಯ ಮೂತ್ರ, ಕೀವು ಅಥವಾ ರಕ್ತವನ್ನು ಪೋಷಕ ಮಾಧ್ಯಮಕ್ಕೆ ಹಾಕಿ, ಸುಮಾರು 37 ಡಿಗ್ರಿ ಉಷ್ಣತೆಯಲ್ಲಿ ಇಡುತ್ತಾರೆ. ಮೂತ್ರ, ಕೀವುಗಳಲ್ಲಿ ಸಾಮಾನ್ಯವಾಗಿ ಮರುದಿನ ಕಾಲೊನಿಗಳು ಕಾಣಿಸುತ್ತವೆ. ರಕ್ತಕ್ಕೆ ಇನ್ನೂ ಹೆಚ್ಚು ಸಮಯ ಬೇಕಾಗಬಹುದು. ಬಣ್ಣ ಮತ್ತು ಆಹಾರದ ಪರೀಕ್ಷೆಗಳಿಂದ ಗುರುತು ಹಿಡಿಯುತ್ತಾರೆ. ಅದೇ ಕಾಲೊನಿಯನ್ನು ಉಪ್ಪುನೀರಿನಲ್ಲಿ ಕದಡಿ, ನಿಗದಿತ ಮಬ್ಬಿಗೆ ಹೊಂದಿಸುತ್ತಾರೆ. ಜೋಸೆಫ್ ಮ್ಯಾಕ್‌ಫರ್ಲೆಂಡ್ 1907ರಲ್ಲಿ ತಿಳಿಸಿದ ಈ ಮಬ್ಬಿನ ಅಳತೆಯಿಂದ ಒಂದು ಮಿಲಿಲೀಟರಿನಲ್ಲಿ ಸುಮಾರು 15 ಕೋಟಿ ಬ್ಯಾಕ್ಟೀರಿಯಾ ಇರುವಂತೆ ಮಾಡಬಹುದು. ಇದನ್ನು 4 ಮಿಲಿಮೀಟರ್ ದಪ್ಪದ ಅಗರ್ ಮೇಲೆ ಸಮನಾಗಿ ಸವರಿ, 6 ಮಿಲಿಮೀಟರ್ ಅಗಲದ ಔಷಧಿ ಬಿಲ್ಲೆಗಳನ್ನು ದೂರದೂರಕ್ಕೆ ಇಡುತ್ತಾರೆ. 16ರಿಂದ 18 ಗಂಟೆಗಳ ನಂತರ ನೋಡಿದರೆ, ಔಷಧಿಗೆ ಬಗ್ಗಿದ ಬ್ಯಾಕ್ಟೀರಿಯಾ ಬಿಲ್ಲೆಯ ಸುತ್ತ ಬೆಳೆಯದೆ ದುಂಡನೆಯ ಖಾಲಿ ಜಾಗ ಬಿಟ್ಟಿರುತ್ತದೆ. ಬಗ್ಗದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ಈ ವೃತ್ತದ ಅಗಲವನ್ನು ಅಳೆದು, ಪಟ್ಟಿಯೊಂದಿಗೆ ಹೋಲಿಸಿ ವರದಿ ಬರೆಯುತ್ತಾರೆ.

ಇಲ್ಲಿ ಒಂದು ಮಾತು ತಿಳಿದಿರಬೇಕು. ದೊಡ್ಡ ವೃತ್ತ ಬಿಟ್ಟ ಔಷಧಿಯೇ ಉತ್ತಮವೆಂದು ನಾವೇ ತೀರ್ಮಾನಿಸಬಾರದು. ಪ್ರತಿಯೊಂದು ಔಷಧಿಗೂ ಅಗರ್‌ನಲ್ಲಿ ಹರಡುವ ವೇಗ ಬೇರೆ, ಹೋಲಿಸುವ ಅಳತೆಯೂ ಬೇರೆ. ವರದಿಯನ್ನು ಓದಿ ಔಷಧಿ ಆರಿಸುವುದು ವೈದ್ಯರ ಕೆಲಸ.

ನಮ್ಮ ನಾಡಿನಲ್ಲಿ

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಕ್ಷಯದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುತ್ತದೆಯೆ ಎಂದು ಪರೀಕ್ಷಿಸುವ ಪ್ರಯೋಗಾಲಯಗಳಿಗೆ ಮಾರ್ಗದರ್ಶನ ನೀಡುವ ದೇಶದ ಉನ್ನತ ಪ್ರಯೋಗಾಲಯಗಳಲ್ಲಿ ಇದೂ ಒಂದು. ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುವುದರಿಂದ, ಮೊಟ್ಟೆಯಿಂದ ತಯಾರಿಸಿದ ಗಟ್ಟಿ ಮಾಧ್ಯಮದಲ್ಲಿ ಕಾಲೊನಿ ಕಾಣಲು ವಾರಗಟ್ಟಲೆ ಕಾಯಬೇಕು. 2010ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ನೀಡಿದ ಹೊಸ ಯಂತ್ರ, ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇದೆಯೇ, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೆ ಎಂಬುದನ್ನು ಸುಮಾರು ಎರಡು ಗಂಟೆಗಳಲ್ಲಿ ಹೇಳುತ್ತದೆ. ನಮ್ಮ ದೇಶದ ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಈ ಪರೀಕ್ಷೆ ಉಚಿತವಾಗಿ ದೊರೆಯುತ್ತದೆ.

ಕಾನೂನೂ ಇದೆ. 2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್-1 ನಿಯಮದಂತೆ, ಹಲವು ಆಂಟಿಬಯೋಟಿಕ್ ಮತ್ತು ಕ್ಷಯದ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಬೇಕು. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ವೈದ್ಯರ ಸಲಹೆಯಿಲ್ಲದೆ ಅದನ್ನು ತೆಗೆದುಕೊಳ್ಳಬಾರದೆಂದು ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಇದರ ಬಗ್ಗೆ ಪ್ರಚಾರವನ್ನೂ ಕೈಗೊಂಡಿತು. ಆದರೂ ನೆಗಡಿ, ಫ್ಲೂಗಳಂತಹ ವೈರಸ್ ಕಾಯಿಲೆಗಳಿಗೆ ಆಂಟಿಬಯೋಟಿಕ್ ಕೇಳಿ ಪಡೆಯುವವರಿದ್ದಾರೆ. ವೈರಸ್ ಮೇಲೆ ಆಂಟಿಬಯೋಟಿಕ್ ಏನೂ ಮಾಡಲಾರದು.

2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತಿದ್ದಾರೆ. ಬಾಣಂತಿಯರು, ನವಜಾತ ಶಿಶುಗಳು, ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ರೋಗಿಗಳು ಆಂಟಿಬಯೋಟಿಕ್‌ಗಳ ಆಸರೆಯಲ್ಲಿಯೇ ಬದುಕಿಕೊಳ್ಳುವವರು. ಆ ಆಸರೆ ಕುಸಿದರೆ ಸಾಧಾರಣ ಹೆರಿಗೆ, ಸಣ್ಣ ಗಾಯ ಕೂಡ ಪ್ರಾಣಕ್ಕೆ ಮುಳುವಾಗಬಹುದು.

ವಿದ್ಯಾರ್ಥಿಗಳಲ್ಲಿ ಮನವಿ

ಪ್ರಿಯ ವಿದ್ಯಾರ್ಥಿಗಳೇ, ಈ ಇತಿಹಾಸದಲ್ಲಿ ಬಟ್ಟೆ ವ್ಯಾಪಾರಿ ಇದ್ದಾರೆ, ಗೃಹಿಣಿ ಇದ್ದಾರೆ, ಹಳ್ಳಿಯ ವೈದ್ಯರಿದ್ದಾರೆ, ಪ್ರಯೋಗಾಲಯದ ತಂತ್ರಜ್ಞೆ ಇದ್ದಾರೆ. ಎಲ್ಲರಲ್ಲಿಯೂ ಇದ್ದ ಸಮಾನ ಗುಣ, ಊಹೆಯನ್ನು ನಂಬದೆ ಪರೀಕ್ಷಿಸಿ ನೋಡುವ ತಾಳ್ಮೆ. ನಿಮ್ಮಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮುಗಿಸಿದವರು ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ದಾರಿಗಳಿವೆ ಎಂದು ತಿಳಿಯಬೇಡಿ. ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದಲ್ಲಿ ಡಿಪ್ಲೊಮಾ ಇದೆ, ಬಿ.ಎಸ್ಸಿ. ಇದೆ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಉನ್ನತ ಶಿಕ್ಷಣವಿದೆ. ಒಳ್ಳೆಯ ತಂತ್ರಜ್ಞರಿಲ್ಲದೆ ಒಳ್ಳೆಯ ವೈದ್ಯರೂ ಕುರುಡಾಗಿ ಔಷಧಿ ಬರೆಯಬೇಕಾಗುತ್ತದೆ.

ಪ್ರಯೋಗಾಲಯಕ್ಕೆ ಹೋಗದವರಿಗೂ ಕೆಲಸವಿದೆ. ಮನೆಯಲ್ಲಿ ಓದು ಬಲ್ಲವರು ನೀವೇ ಆಗಿದ್ದರೆ, ವೈದ್ಯರ ಚೀಟಿಯನ್ನೂ ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆಯನ್ನೂ ಅಮ್ಮಿ, ಅಬ್ಬಾ, ದಾದಿಯವರಿಗೆ ಓದಿ ಹೇಳಿ. ಕಲ್ಚರ್ ಪರೀಕ್ಷೆಗೆ ಬರೆದುಕೊಟ್ಟರೆ, ಮೊದಲ ಮಾತ್ರೆ ನುಂಗುವ ಮುನ್ನವೇ ಮಾದರಿ ಕೊಡಿಸಿ. ಔಷಧಿ ಒಳಗೆ ಹೋದ ಮೇಲೆ ರೋಗಾಣು ತಟ್ಟೆಯಲ್ಲಿ ಬೆಳೆಯದೆ ಉತ್ತರವೇ ಸಿಗದಿರಬಹುದು. ಕಾಯಿಲೆ ತೀವ್ರವಾಗಿದ್ದು ವೈದ್ಯರು ವರದಿಗೆ ಮೊದಲೇ ಔಷಧಿ ಶುರುಮಾಡಿದರೆ ಅದನ್ನು ತಡೆಯಬೇಡಿ. ವರದಿ ಬಂದ ದಿನ ತಪ್ಪದೆ ಅವರಿಗೆ ತೋರಿಸಿ. ಹೇಳಿದಷ್ಟು ದಿನ ಔಷಧಿ ಕೊಡಿ. ಉಳಿದ ಮಾತ್ರೆಗಳನ್ನು ನೆರೆಯವರಿಗೆ ಹಂಚಬೇಡಿ. ಮುನ್ನೂರು ವರ್ಷಗಳ ದುಡಿಮೆಯಿಂದ ಮನುಷ್ಯಕುಲ ಗಳಿಸಿದ ಆಸ್ತಿ ಈ ಔಷಧಿಗಳು. ಇದನ್ನು ಕರಗಿಸದೆ ಮುಂದಿನ ಪೀಳಿಗೆಗೆ ಒಪ್ಪಿಸುವುದು ಓದಿದವರೆಲ್ಲರ ಹೊಣೆ.